ಕೆಸರಿನ ಹಾದಿಯಲ್ಲಿ ಸೊಸೆಯ ಹಿಂದೆ

ಹಾಲೆಂಡಿಗೆ ಹೋಗಿ ಬಂದವಳು ಅಂತ ಗೊತ್ತಾದ ಕೂಡಲೇ ನಮ್ಮ ಕಾರ್ಕಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಟುಲಿಪ್ ನೋಡಿದ್ರಾ ಟೀಚರ್?" ಇಲ್ಲ ಮಾರಾಯ್ರೆ, ನೋಡಲಿಲ್ಲ. ನಾನು ಹೋದದ್ದು ಜನವರಿಯಲ್ಲಿ. ಆಗ ಅಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ. ಸೂರ್ಯನೋ, ಕೆಲವು ಕಚೇರಿಗಳ ಸಾಹೇಬರ ಹಾಗೆ ತಡವಾಗಿ ಬಂದು ಬೇಗ ಹೋಗುತ್ತಾನೆ. ಗಾಳಿಯಂತ್ರ? ರೈಲಿನ ಕಿಟಕಿಯಿಂದ ಒಂದು ಕಂಡಿತು, ಅದೂ ತಿರುಗುತ್ತಿರಲಿಲ್ಲ. ನಾನು ಸರಿಯಾಗಿ ನೋಡಿದ್ದು ಅಂದರೆ ಕೆಸರು. ಮೊಣಕಾಲಿನವರೆಗೆ ನೋಡಿದೆ.

ಹೀಗೆ ಹೇಳಿದರೆ ಪಕ್ಕದ ಮನೆಯ ಜಲಜಕ್ಕ "ಅಯ್ಯೋ ಪಾಪ, ಅಷ್ಟು ದೂರ ಹೋಗಿ!" ಅನ್ನುತ್ತಾರೆ. ಪಾಪ ಎಂತದ್ದೂ ಇಲ್ಲ. ಆ ಕೆಸರಿನಲ್ಲಿ ನಾನು ಕಂಡದ್ದನ್ನು ಈ ಊರಿನ ಯಾವ ಅತ್ತೆಯೂ ಕಂಡಿರಲಿಕ್ಕಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಟಿಲ್‌ಬರ್ಗ್, ಅಡುಗೆಮನೆ

ಮಗ ಸುಧೀರ ಮತ್ತು ಸೊಸೆ ಚೈತ್ರಾ ಇರುವುದು ಟಿಲ್‌ಬರ್ಗಿನಲ್ಲಿ. ಊರ ಹೊರಗೆಲ್ಲ ದೊಡ್ಡ ದೊಡ್ಡ ಗೋದಾಮುಗಳು. ಅಂಥ ಒಂದು ಗೋದಾಮಿನ ಆಫೀಸಿನಲ್ಲಿ ಯಾವ ಲಾರಿ ಯಾವಾಗ ಎಲ್ಲಿಗೆ ಹೋಗಬೇಕು ಅಂತ ನೋಡಿಕೊಳ್ಳುವುದು ಚೈತ್ರಾಳ ಕೆಲಸ. ಮೈಸೂರಿನ ಹುಡುಗಿ. ಮಾತು ಮೆತ್ತಗೆ, ನಗು ಮೆತ್ತಗೆ. ನಾನು ಏನು ಹೇಳಿದರೂ "ಆಯ್ತು ಅತ್ತೆ". ಸಾರಿಗೆ ಹುಳಿ ಸಾಲದು ಅಂದರೆ "ಆಯ್ತು ಅತ್ತೆ", ಕಿಟಕಿ ಪರದೆಯ ಬಣ್ಣ ಚೆಂದ ಇಲ್ಲ ಅಂದರೂ "ಆಯ್ತು ಅತ್ತೆ". ಮದುವೆಯಾಗಿ ಬಂದಲ್ಲಿಂದ ಒಂದು ಎದುರು ಮಾತಿಲ್ಲ. ಇದನ್ನು ನಾನು ಊರಲ್ಲಿ ಎಷ್ಟು ಮನೆಯಲ್ಲಿ ಹೇಳಿಕೊಂಡು ತಿರುಗಿದ್ದೇನೋ! ಜಲಜಕ್ಕನ ಸೊಸೆ ಬಾಯಿ ತೆರೆದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ, ಹಾಗಾಗಿ ಜಲಜಕ್ಕನ ಹತ್ತಿರ ಸ್ವಲ್ಪ ಜಾಸ್ತಿಯೇ ಹೇಳಿದ್ದೇನೆ.

ಈ ಮೆತ್ತಗಿನ ಹುಡುಗಿಗೆ ಒಂದೇ ಹುಚ್ಚು. ನಡೆಯುವುದು. ನಮ್ಮಲ್ಲಿ ಭಜನಾ ಮಂಡಳಿ ಇದ್ದ ಹಾಗೆ ಅಲ್ಲಿ ನಡಿಗೆಯ ಸಂಘಗಳುಂಟು. ಭಾನುವಾರ ಬಂತೆಂದರೆ ಹತ್ತು ಹದಿನೈದು ಜನ ಸೇರಿ, ಮಳೆ ಇರಲಿ ಗಾಳಿ ಇರಲಿ, ಹೊಲ, ಕಾಡು, ಹೊಳೆಬದಿ ಅಂತ ಬೆಳಗ್ಗಿಂದ ಸಂಜೆವರೆಗೆ ನಡೆಯುವುದು. ದೇವಸ್ಥಾನಕ್ಕಲ್ಲ, ನೆಂಟರ ಮನೆಗಲ್ಲ. ಸುಮ್ಮನೆ! ಚೈತ್ರಾ ಎರಡು ವರ್ಷದಿಂದ ಅಂಥ ಒಂದು ಸಂಘದಲ್ಲಿದ್ದಾಳೆ. ಅಷ್ಟು ಜನರಲ್ಲಿ ನಮ್ಮ ದೇಶದವಳು ಇವಳೊಬ್ಬಳೇ.

ಆ ಸಂಘದಲ್ಲಿ ಒಂದು ಕ್ರಮ ಉಂಟು. ಪ್ರತಿ ನಡಿಗೆಗೂ ಒಬ್ಬರು ಮುಂದಾಳು. ದಾರಿ ಆರಿಸುವುದು ಅವರು. ವಾರ ಮುಂಚೆ ಒಬ್ಬರೇ ಹೋಗಿ ಆ ದಾರಿಯನ್ನು ನಡೆದು ನೋಡಿ ಬರುವುದು ಅವರು. ಆ ದಿನ ಎಲ್ಲರನ್ನೂ ಕತ್ತಲಾಗುವ ಮೊದಲು ಕೊನೆಯ ಊರಿಗೆ ಮುಟ್ಟಿಸುವುದೂ ಅವರೇ. ಕಾಯಂ ಮುಂದಾಳುಗಳ ಸಾಲಿಗೆ ಸೇರಬೇಕಾದರೆ ಚಳಿಗಾಲದ ಒಂದು ನಡಿಗೆಯನ್ನು ನಡೆಸಿ ತೋರಿಸಬೇಕಂತೆ. ಬೇಸಿಗೆಯದ್ದು ಲೆಕ್ಕಕ್ಕಿಲ್ಲ. ಚೈತ್ರಾಳ ಈ ಪರೀಕ್ಷೆ ಸರಿಯಾಗಿ ನಾನು ಅಲ್ಲಿದ್ದಾಗಲೇ ಬಂತು.

ಹಿಂದಿನ ದಿನ ಚಪಾತಿ ಲಟ್ಟಿಸುತ್ತಿದ್ದವಳನ್ನು ಕೇಳಿದೆ, "ಅಲ್ಲ ಮಾರಾಯ್ತಿ, ಜನರನ್ನು ಕೆಸರಲ್ಲಿ ನಡೆಸ್ಲಿಕ್ಕೆ ಅಷ್ಟೊಂದು ಆಸೆಯಾ ನಿಂಗೆ?"

ಅವಳು ಲಟ್ಟಣಿಗೆ ನಿಲ್ಲಿಸಿದಳು. "ಆಫೀಸಲ್ಲಿ ನಾನ್ ಮೆತ್ತಗೆ ಹೇಳಿದ್ದನ್ನ ಇನ್ನೊಬ್ರು ಜೋರಾಗಿ ಹೇಳಿದ್ರೆ ಅದು ಅವ್ರ ಐಡಿಯಾ ಆಗ್ಬಿಡತ್ತೆ ಅತ್ತೆ. ಇದೊಂದಾದ್ರೂ ನಂದು ಅಂತ ಇರ್ಲಿ ಅಂತ. ರೂಟ್ ನಂದೇ. ಎಲ್ರೂ ನನ್ ಹಿಂದೆ ಬರ್ಬೇಕು. ಒಂದ್ಸಲ." ಹೇಳಿ ಮುಗಿಸಿ ನಾಚಿಕೆಯಾದ ಹಾಗೆ ಮತ್ತೆ ಲಟ್ಟಿಸತೊಡಗಿದಳು.

ಅವಳ ಬಾಯಿಂದ ತನಗೆ ಇಂಥದ್ದು ಬೇಕು ಅಂತ ನಾನು ಕೇಳಿದ್ದು ಅದೇ ಮೊದಲು. ಸೀರೆ ಬೇಕಾ ಅಂದರೂ "ನಿಮ್ಮಿಷ್ಟ" ಅನ್ನುವವಳು. "ನಾನೂ ಬರ್ತೇನೆ" ಅಂದೆ.

ಸುಧೀರ ಹೌಹಾರಿದ. "ಅಮ್ಮಾ, ನಿನ್ನೆಯಿಂದ ಮಳೆ ಸುರಿತಾ ಉಂಟು. ನಿಂಗೆ ಎಂತಕ್ಕೆ ಇದೆಲ್ಲ? ಹೀಟರ್ ಹತ್ರ ಕೂತ್ಕೊ."

"ಇಡೀ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರ್ಕೊಂಡು ಹೋಗಿ ಒಂದು ಮಗುವನ್ನೂ ಕಳೆಯದೆ ತಂದವಳು ನಾನು. ನೀನೇ ಕೂತ್ಕೊ ಹೀಟರ್ ಹತ್ರ" ಅಂದೆ. ಅವನು ಕೂತ.

ಓಯ್ಸ್ಟರ್‌ವೈಕ್ ಸ್ಟೇಷನ್

ಟಿಲ್‌ಬರ್ಗಿನಿಂದ ರೈಲಿನಲ್ಲಿ ಕೂತು ಬೆನ್ನು ಬೆಚ್ಚಗಾಗುವಷ್ಟರಲ್ಲಿ ಓಯ್ಸ್ಟರ್‌ವೈಕ್. ಸ್ಟೇಷನ್ನಿನ ಹೊರಗೆ ಜನ ಆಗಲೇ ಸೇರಿದ್ದರು. ಹೇಳಿದ ಗಂಟೆಗಿಂತ ಮೊದಲೇ ಬಂದು ನಿಲ್ಲುವ ಜನ ಮಾರಾಯ್ರೆ! ನಮ್ಮಲ್ಲಿ ಮದುವೆಗೆ ಮದುಮಗನೂ ಅಷ್ಟು ಬೇಗ ಬರುವುದಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಬಂದು ನನ್ನ ಕೈ ಕುಲುಕಿ ಹೆಸರು ಹೇಳಿದರು. ನನಗೋಸ್ಕರ ಇಡೀ ಗುಂಪು ಇಂಗ್ಲಿಷಿಗೆ ಬದಲಾಯಿತು, ಯಾರೂ ಮುಖ ಸಿಂಡರಿಸಲಿಲ್ಲ.

ಅವರಲ್ಲಿ ಇಬ್ಬರ ಹೆಸರು ನೆನಪಿನಲ್ಲಿ ಉಳಿದಿದೆ. ಒಬ್ಬಳು ಮರೈಕೆ, ಸಂಘದ ಅಧ್ಯಕ್ಷೆ. ಚೈತ್ರಾ ಪಾಸೋ ಫೇಲೋ ಅಂತ ಹೇಳುವವಳು ಅವಳೇ. ಕತ್ತರಿಸಿದ ಬಿಳಿ ಕೂದಲು, ಕತ್ತರಿಸಿದ ಹಾಗೇ ಮಾತು. ಇನ್ನೊಬ್ಬರು ಹೆಂಕ್. ಎಪ್ಪತ್ತು ದಾಟಿದ, ತೆಂಗಿನ ಮರದಷ್ಟು ಎತ್ತರದ ಮನುಷ್ಯ. ಈ ಸಂಘದ ಅತಿ ಹಳೆಯ ಮುಂದಾಳು, ಸೊಂಟ ನೋವೆಂದು ಈಗ ನಡೆಸುವುದು ಬಿಟ್ಟು ಬರೀ ನಡೆಯುತ್ತಾರೆ.

ನನ್ನ ಸೊಸೆ ಅವರ ಹತ್ತಿರ ಹೋಗಿ "ಹಲೋ ಹೆಂಕ್" ಅಂದದ್ದು ಕೇಳಿ ನನಗೆ ಎದೆ ಧಸಕ್ಕೆಂದಿತು. ತಂದೆಗಿಂತ ಹಿರಿಯರನ್ನು ಹೆಸರು ಹಿಡಿದು ಕರೆಯುವುದಾ! ಮೊಣಕೈ ಚಿವುಟಿದೆ. "ಇಲ್ಲಿ ಹಂಗೇ ಅತ್ತೆ" ಅಂತ ಪಿಸುಗುಟ್ಟಿದಳು. ಹಾಗೇ ಇರಲಿ, ನನ್ನ ನಾಲಿಗೆಗೆ ಅದು ಬರುವುದಿಲ್ಲ. ನಾನು "ಹೆಂಕಣ್ಣ" ಅಂದೆ. ಅಣ್ಣ ಅಂದರೆ ಏನು ಅಂತ ಕೇಳಿದರು, ತಂಗಿ ಅಂದರೆ ಏನು ಅಂತಲೂ ಸೇರಿಸಿ ಹೇಳಿದೆ. "ನನಗೆ ತಂಗಿಯರೇ ಇರಲಿಲ್ಲ" ಅಂತ ಖುಷಿಯಿಂದ ಕ್ಯಾಪು ತೆಗೆದು ಹಾಕಿಕೊಂಡರು.

ಮುಂದಾಳು ಹೊರಡುವ ಮೊದಲು ನಾಲ್ಕು ಮಾತು ಹೇಳಬೇಕು. ಚೈತ್ರಾ ಶುರು ಮಾಡಿದಳು: ಎರಡು ಹೊಳೆಗಳ ಕಣಿವೆ ದಾಟುತ್ತೇವೆ, ಮಳೆಯಿಂದ ಕೆಸರು ಜಾಸ್ತಿ, ಕೊನೆಯ ಊರು ಹಿಲ್ವರೆನ್‌ಬೇಕ್, ಅಲ್ಲಿ ಬಿಸಿ ಸೂಪು. ಹಿಂದಿನಿಂದ ಯಾರೋ "ಜೋರಾಗಿ! ಏನೂ ಕೇಳುತ್ತಿಲ್ಲ" ಅಂದರು. ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಅಲ್ಲಿ ಯಾರಿಗೂ ತಪ್ಪಲ್ಲ. ನನ್ನೊಳಗಿನ ಟೀಚರು ಸುಮ್ಮನಿರಬೇಕಲ್ಲ? "ಬೆಂಚು ಹತ್ತಿ ನಿಲ್ಲು" ಅಂದೆ. "ಆಯ್ತು ಅತ್ತೆ" ಅಂದು ಹತ್ತಿದಳು. ಆಮೇಲೆ ಎಲ್ಲರಿಗೂ ಕೇಳಿಸಿತು.

ಗುಡ್ಡ ಇಲ್ಲದ ಕಣಿವೆ

ಕಣಿವೆ ಅಂದಾಗ ನಾನು ಆಗುಂಬೆ ಘಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವಳು. ಪೇಟೆ ದಾಟಿ, ಪೈನ್ ಮರಗಳ ಕಾಡು ದಾಟಿ, ಒಂದು ಬಯಲಿಗೆ ಬಂದೆವು. ದೋಸೆಕಾವಲಿಯಷ್ಟು ಚಪ್ಪಟೆ. ಚೈತ್ರಾ ಹೆಮ್ಮೆಯಿಂದ ಕೈ ಚಾಚಿ "ಇದೇ ಅತ್ತೆ ವ್ಯಾಲಿ" ಅಂದಳು.

"ಎಲ್ಲಿ?"

"ನಾವ್ ನಿಂತಿರೋದೇ."

ಸ್ವಲ್ಪ ಇಳಿಜಾರು ಇದ್ದದ್ದು ನಿಜವಂತೆ. ನನ್ನ ಕಾಲಿಗೆ ಅದು ತಿಳಿಯಲಿಲ್ಲ, ನೀರಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು. ಸುತ್ತಲಿನ ಮಳೆಯೆಲ್ಲ ಅಲ್ಲಿಗೇ ಬಂದು ಕೂತಿತ್ತು. ಬೇಲಿಯ ಗೂಟಗಳು ಅರ್ಧ ಮುಳುಗಿ ನಿಂತಿದ್ದವು. ದನಗಳನ್ನೆಲ್ಲ ಚಳಿಗೆ ಕೊಟ್ಟಿಗೆಗೆ ಹಾಕಿರುತ್ತಾರಂತೆ, ಹಾಗಾಗಿ ಹುಲ್ಲುಗಾವಲಿನಲ್ಲಿ ಬಾತುಕೋಳಿಗಳದ್ದೇ ಕಾರುಬಾರು. ಹೊಳೆಬದಿಯ ಮರಗಳ ತಲೆಯನ್ನೆಲ್ಲ ಬೋಳಿಸಿಬಿಟ್ಟಿದ್ದರು, ತಿರುಪತಿಗೆ ಹೋಗಿ ಬಂದವರ ಹಾಗೆ ಸಾಲಾಗಿ ನಿಂತಿದ್ದವು.

ಕೆಸರು ನಮಗೆ ಹೊಸತಾ? ಚಿಕ್ಕಂದಿನಲ್ಲಿ ಗದ್ದೆಯ ಅಂಚಿನಲ್ಲೇ ಶಾಲೆಗೆ ಹೋದ ಕಾಲುಗಳು ಇವು. ಆದರೆ ನಮ್ಮ ಕೆಸರು ಬೆಚ್ಚಗಿರುತ್ತದೆ, ಬರಿಗಾಲಿನ ಬೆರಳುಗಳಿಗೆ ಅದರ ಪರಿಚಯ ಉಂಟು. ಇದು ಫ್ರಿಜ್ಜಿನಿಂದ ತೆಗೆದ ಕೆಸರು. ಅದರ ಮೇಲೆ ಕಾಲಿಗೆ ಚೈತ್ರಾಳದ್ದೇ ಹಳೆಯ ಬೂಟು, ಎರಡು ಜೊತೆ ಕಾಲುಚೀಲ ಹಾಕಿದರೂ ಸಡಿಲ. ಆಗಬೇಕಾದದ್ದೇ ಆಯಿತು. ಒಂದು ಗೇಟಿನ ಹತ್ತಿರ ಬಲಗಾಲು ಎತ್ತಿದೆ, ಕಾಲು ಬಂತು, ಬೂಟು ಬರಲಿಲ್ಲ. ಒಂಟಿ ಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತೆ.

ನಮ್ಮಲ್ಲಾದರೆ ಹತ್ತು ಜನ ಮೊದಲು ನಗಾಡಿ ಆಮೇಲೆ ಕೈ ಕೊಡುತ್ತಿದ್ದರು. ಇವರು ಒಬ್ಬರೂ ನಗಲಿಲ್ಲ. ಒಬ್ಬರು ಬಂದು ಮೊಣಕೈ ಹಿಡಿದರು. ಇನ್ನೊಬ್ಬರು ಕೋಲಿನಿಂದ ಬೂಟು ಕಿತ್ತು, ನೀರು ಚೆಲ್ಲಿ, ಬಾಯಿ ನನ್ನ ಕಡೆಗೆ ಮಾಡಿ ಹಿಡಿದರು. ಆಪರೇಷನ್ ಥಿಯೇಟರಿನಷ್ಟು ಗಂಭೀರ. ನನಗೆ ತಡೆಯಲಾಗಲಿಲ್ಲ, ನಾನೇ ಹೋ ಅಂತ ನಕ್ಕೆ. ಅಪ್ಪಣೆಗೆ ಕಾದವರ ಹಾಗೆ ಆಮೇಲೆ ಎಲ್ಲರೂ ನಕ್ಕರು. ಮುಂದಿದ್ದ ಚೈತ್ರಾ ಓಡಿ ಬಂದು "ವಾಪಸ್ ಹೋಗೋಣ್ವಾ ಅತ್ತೆ?" ಅಂದಳು. ಮುಖ ಬಿಳುಚಿತ್ತು. "ನಡೆ ನಡೆ, ಮುಂದಾಳು ಹಿಂದೆ ಬರಬಾರದು" ಅಂತ ಅಟ್ಟಿದೆ.

ಬಿದ್ದ ಮರದ ಮೇಲೆ ಊಟ

ಮಧ್ಯಾಹ್ನ ಕಾಡಿನೊಳಗೆ ಬಿದ್ದ ಮರವೊಂದರ ಮೇಲೆ ಊಟಕ್ಕೆ ಕೂತೆವು. ಎಲ್ಲರ ಚೀಲದಿಂದಲೂ ಪುಟ್ಟದೊಂದು ಮಡಿಸುವ ಚಾಪೆ ಬಂತು, ಅದನ್ನು ಹಾಸಿ ಕೂತರು. ಆಮೇಲೆ ಡಬ್ಬಿ ಬಂತು. ಎರಡು ತುಂಡು ಬ್ರೆಡ್ಡು, ನಡುವೆ ಚೀಸು. ಅವರವರ ಡಬ್ಬಿ ಅವರವರ ಮಡಿಲಲ್ಲಿ. ನಿನ್ನದು ಏನು, ನನ್ನದು ಏನು ಅಂತ ಇಣುಕಿ ನೋಡುವ ಅಭ್ಯಾಸವೇ ಇಲ್ಲ. ಈ ಊಟ ಮಾಡಿ ಇಷ್ಟೆತ್ತರ ಹೇಗೆ ಬೆಳೆಯುತ್ತಾರೋ ದೇವರಿಗೇ ಗೊತ್ತು.

ನಾನು ಊರಿಂದ ತಂದ ಎಳ್ಳುಂಡೆಯ ಡಬ್ಬಿ ತೆಗೆದು ಸಾಲಿನಲ್ಲಿ ಬಡಿಸಲು ಹೊರಟೆ. ಎಲ್ಲರೂ ಒಂದೊಂದು ತೆಗೆದುಕೊಂಡರು. ಹೆಂಕಣ್ಣ ಕಣ್ಣು ಮುಚ್ಚಿ ತಿಂದು, "ಬಹಳ ರುಚಿ" ಅಂದರು. ಇನ್ನೊಂದು ಕೊಡಲು ಹೋದೆ. "ಬೇಡ, ಥ್ಯಾಂಕ್ಸ್."

"ತಗೊಳ್ಳಿ, ತಗೊಳ್ಳಿ."

"ಬೇಡ."

"ಒಂದೇ ಒಂದು."

ಅವರು ಗಾಬರಿಯಿಂದ ಚೈತ್ರಾಳ ಮುಖ ನೋಡಿದರು. "ಅತ್ತೆ, ಇವ್ರು ಬೇಡ ಅಂದ್ರೆ ಬೇಡ ಅಂತಲೇ. ಸಂಕೋಚ ಅಲ್ಲ" ಅಂದಳು ಅವಳು.

ಎಂಥ ಜನ! ನಮ್ಮಲ್ಲಿ ಮೂರು ಸಲ ಬೇಡ ಅಂದರೆ ಒಂದು ಸೌಟು ಹಾಕಿ ಅಂತ ಅರ್ಥ. ಬಡಿಸುವವರಿಗೂ ಅದು ಗೊತ್ತು, ತಿನ್ನುವವರಿಗೂ ಗೊತ್ತು. ಮೊದಲ ಬೇಡಕ್ಕೇ ಸುಮ್ಮನಾದರೆ ಮನೆಗೆ ಹೋಗಿ ಆಡಿಕೊಳ್ಳುತ್ತಾರೆ. ಮರೈಕೆಗೆ ಇದನ್ನು ವಿವರಿಸಿದೆ. ಅವಳು ಯೋಚಿಸಿ, "ಹಾಗಾದರೆ ನಿಮ್ಮಲ್ಲಿ ನಿಜವಾಗಿ ಬೇಡ ಅನ್ನುವುದು ಹೇಗೆ?" ಅಂತ ಕೇಳಿದಳು. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಡೊಂಕು ಮಾಡಿದ ಹೊಳೆ

ಊಟ ಮುಗಿಸಿ ಎರಡನೆಯ ಹೊಳೆಯ ಕಣಿವೆಗೆ ಬಂದೆವು. ಈ ಹೊಳೆಯ ಕತೆ ವಿಚಿತ್ರ. ಅಜ್ಜಂದಿರ ಕಾಲದಲ್ಲಿ ನೀರು ಬೇಗ ಹರಿದು ಹೋಗಲಿ ಅಂತ ಅದನ್ನು ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ನೇರ ಮಾಡಿದ್ದರಂತೆ. ಈಗ ಮೊಮ್ಮಕ್ಕಳು ಯಂತ್ರ ತಂದು ಅದನ್ನೇ ಮತ್ತೆ ಡೊಂಕು ಮಾಡುತ್ತಿದ್ದಾರೆ, ನೀರು ನಿಧಾನವಾಗಿ ಹೋಗಲಿ ಅಂತ. ನಮ್ಮಲ್ಲಿ ನಾಯಿಬಾಲ ಡೊಂಕು ಅಂತ ಬೈಯುತ್ತೇವೆ, ಇವರು ಡೊಂಕನ್ನೂ ಪ್ಲಾನು ಹಾಕಿ ಮಾಡುತ್ತಾರೆ!

ಅಲ್ಲಿ ದಾರಿ ಎರಡಾಯಿತು. ಚೈತ್ರಾ ಬಲಕ್ಕೆ, ಕಾಡಿನ ಅಂಚಿಗೆ ತಿರುಗಿದಳು. ಹೆಂಕಣ್ಣ ಕೋಲೆತ್ತಿ ಎಡಕ್ಕೆ ತೋರಿಸಿದರು. "ಹೊಳೆದಂಡೆಯ ಮೇಲೆ ಹೋದರೆ ಹತ್ತಿರ. ನೆಲವೂ ಗಟ್ಟಿ. ಎಷ್ಟು ವರ್ಷ ನಾನು ಇಲ್ಲಿ ನಡೆಸಿದ್ದೇನೆ!"

ಚೈತ್ರಾ ಬಾಯಿ ತೆರೆದಳು. ಮುಚ್ಚಿದಳು. ನನಗದು ಸರಿಯಾಗಿ ಕಂಡಿತು. ಆಮೇಲೆ ತಲೆಯಾಡಿಸಿ, "ಸರಿ, ಹಾಗೇ ಹೋಗೋಣ" ಅಂದಳು. ಹಿರಿಯರ ಮಾತಿಗೆ ಬೆಲೆ ಕೊಟ್ಟಳು, ಬಂಗಾರದಂಥ ಹುಡುಗಿ, ಅಂತ ನಾನು ಒಳಗೊಳಗೇ ಮೆಚ್ಚಿದೆ.

ದಂಡೆಯ ಮೇಲೆ ಬಹಳ ದೂರ ನಡೆದೆವು. ಹೆಂಕಣ್ಣ ಹೇಳಿದ ಹಾಗೆ ನೆಲ ಗಟ್ಟಿಯೇ ಇತ್ತು. ಆಮೇಲೆ ದಂಡೆ ಇದ್ದಕ್ಕಿದ್ದ ಹಾಗೆ ಮುಗಿದೇ ಹೋಯಿತು. ಯಂತ್ರದಿಂದ ಅಗೆದು ಹೊಳೆಗೆ ಹೊಸ ತಿರುವು ಕೊಟ್ಟಿದ್ದರು. ಮುಂದೆ ಕಣ್ಣು ಹಾಯುವಷ್ಟು ದೂರ ಕಂದು ನೀರು. ಹೆಂಕಣ್ಣ ಒಂದು ಹೆಜ್ಜೆ ಇಟ್ಟು ನೋಡಿದರು, ಮೊಣಕಾಲಿನವರೆಗೆ ಇಳಿದರು. ಇಬ್ಬರು ಹಿಡಿದು ಎಳೆಯಬೇಕಾಯಿತು. ಎಳೆಯಲು ಹೋದ ನಾನೂ ಅಷ್ಟೇ ಇಳಿದೆ.

ಎಲ್ಲರೂ ಬಂದ ದಾರಿಯಲ್ಲೇ ತಿರುಗಬೇಕು. ಮೋಡದ ದಿನ, ಬೆಳಕು ಆಗಲೇ ಬೂದಿ ಬಣ್ಣಕ್ಕೆ ಬರುತ್ತಿತ್ತು. ಹೆಂಕಣ್ಣ ಬೂಟಿನ ನೀರು ಚೆಲ್ಲುತ್ತಾ ಚೈತ್ರಾಳನ್ನು ಕೇಳಿದರು, "ಹೋದ ವಾರ ಇಲ್ಲಿಗೆ ಬಂದಿದ್ದೆಯಾ?"

"ಹೌದು."

"ಈ ದಾರಿ ಇಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು, "ಹಾಗಾದರೆ ಯಾಕೆ ನನ್ನ ಹಿಂದೆ ಬಂದೆ?"

ಚೈತ್ರಾ ತಲೆ ತಗ್ಗಿಸಿದಳು. "ನೀವು ಹಿರಿಯರು" ಅಂದಳು. ಅದು ಆ ಜನಕ್ಕೆ ಉತ್ತರವೇ ಆಗಲಿಲ್ಲ. ಮರೈಕೆ ಎಲ್ಲರ ಎದುರಿನಲ್ಲೇ ಹೇಳಿದಳು, "ಇವತ್ತು ಮುಂದಾಳು ಯಾರು, ಹೆಂಕ್ ಅಥವಾ ನೀನು? ನಿನಗೆ ಗೊತ್ತಿದ್ದೂ ಹೇಳದಿದ್ದರೆ ನಾವು ಯಾರನ್ನು ನಂಬಿ ನಡೆಯಬೇಕು?"

ನನಗೆ ರಕ್ತ ಕುದಿಯಿತು. ನನ್ನ ಸೊಸೆಯನ್ನು ನನ್ನೆದುರು ಬೈಯುವುದಾ! "ನೋಡಮ್ಮ," ಅಂದೆ ನನ್ನ ಶಾಲಾ ಇಂಗ್ಲಿಷಿನಲ್ಲಿ, "ನಮ್ಮಲ್ಲಿ ದೊಡ್ಡವರು ಹೇಳಿದ್ದಕ್ಕೆ ಇಲ್ಲ ಅನ್ನುವುದಿಲ್ಲ. ಅದು ಮರ್ಯಾದೆ. ಅವಳನ್ನು ಹಾಗೆ ಬೆಳೆಸಿದ್ದಾರೆ."

ಹೆಂಕಣ್ಣ ನನ್ನ ಕಡೆ ತಿರುಗಿದರು. "ತಂಗಿ," ಅಂದರು, ಆ ಶಬ್ದವನ್ನು ಬೆಳಗ್ಗೆಯೇ ಕಲಿತಿದ್ದರು, "ನಾನು ಮುದುಕ. ನನ್ನ ತಲೆಯಲ್ಲಿರುವುದು ಹಳೆಯ ಹೊಳೆ. ನನ್ನ ತಪ್ಪು ಹೇಳಲಿಕ್ಕೇ ಅಲ್ಲವಾ ಅವಳು ಮುಂದೆ ಇರುವುದು?"

ತಿರುಗಿ ನಡೆಯುವಾಗ ಚೈತ್ರಾ ಒಬ್ಬಳೇ ಮುಂದೆ ಹೋಗುತ್ತಿದ್ದಳು. ಮಳೆಕೋಟಿನ ಟೊಪ್ಪಿಯೊಳಗೆ ಅಳುತ್ತಿದ್ದಾಳೆ ಅಂತ ಅವಳ ಹೆಗಲು ನೋಡಿಯೇ ನನಗೆ ತಿಳಿಯಿತು. ಪಾಸು ಕೈ ತಪ್ಪಿತು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಲಗೆಯ ದಾರಿ

ಕಾಡಿನ ಅಂಚು ಹಿಡಿದು ಅವಳ ದಾರಿಯಲ್ಲೇ ಮುಂದೆ ಬಂದಾಗ ಸಂಜೆಯೇ ಆಗಿತ್ತು. ಹೊಳೆಯ ಆಚೆ ಮಂಜಿನಲ್ಲಿ ಹಿಲ್ವರೆನ್‌ಬೇಕಿನ ಇಗರ್ಜಿಯ ಗೋಪುರ ಕಾಣುತ್ತಿತ್ತು. ನಡುವೆ ಜೌಗು. ಜೌಗಿನ ಮೇಲೆ ಒಬ್ಬರೇ ನಡೆಯುವಷ್ಟು ಅಗಲದ ಹಲಗೆಗಳ ದಾರಿ, ಎರಡೂ ಬದಿಗೆ ಗೂಟಗಳು. ಅದರ ಮೇಲೂ ನೀರು ಹತ್ತಿತ್ತು. ಹಲಗೆ ಕಾಣದು, ಗೂಟಗಳ ತಲೆಗಳು ಮಾತ್ರ ಸಾಲಾಗಿ ಕಾಣುತ್ತಿದ್ದವು.

ಎಡಕ್ಕೆ ಒಂದು ಡಾಂಬರು ರಸ್ತೆ. ಒಣಗಿದ ರಸ್ತೆ ಮಾರಾಯ್ರೆ! ಅದನ್ನು ಕಂಡು ನನ್ನ ಕಾಲುಗಳು ತಾವಾಗಿಯೇ ಅತ್ತ ತಿರುಗಿದವು. ಮೊಣಕಾಲು ಕಚ್ಚುತ್ತಿತ್ತು, ಕಾಲುಚೀಲ ಹಿಂಡಿದರೆ ಚೊಂಬು ನೀರು ಬರುತ್ತಿತ್ತು. ಇನ್ನೂ ಕೆಲವರು ಆ ಕಡೆಯೇ ನೋಡುತ್ತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ, ಕ್ಲಾಸಿನ ಸ್ವರದಲ್ಲಿ ಹೇಳಿದೆ, "ಚೈತ್ರಾ, ಸಾಕು. ನೀರಿಗಿಳಿಯುದು ಬೇಡ. ರಸ್ತೆಯಲ್ಲಿ ಹೋಗುವಾ."

"ಇಲ್ಲ ಅತ್ತೆ."

ನಾನು ಎರಡು ಹೆಜ್ಜೆ ರಸ್ತೆಯ ಕಡೆಗೆ ಹೋಗಿಯಾಗಿತ್ತು. ಕಿವಿಗೆ ಬಿದ್ದದ್ದು ತಲೆಗೆ ಹೋಗಲು ಸ್ವಲ್ಪ ಹೊತ್ತಾಯಿತು. ತಿರುಗಿ ನೋಡಿದೆ. ಕಣ್ಣು ಕೆಂಪಗಿತ್ತು, ಆದರೆ ನೆಟ್ಟಗೆ ನಿಂತಿದ್ದಳು.

"ಆ ರಸ್ತೇಲಿ ಫುಟ್‌ಪಾತ್ ಇಲ್ಲ. ಕತ್ತಲಾಗ್ತಿದೆ, ಕಾರ್‌ಗಳು ಜೋರಾಗ್ ಬರ್ತವೆ. ಪಕ್ಕದಲ್ಲಿ ಕಾಲುವೆ. ಸುತ್ತು ಬೇರೆ. ಹಲಗೆ ಗಟ್ಟಿ ಇದೆ, ಹೋದ ವಾರ ಒಂದೊಂದನ್ನೂ ತುಳಿದು ನೋಡಿದೀನಿ. ಈಗ ಇನ್ನೊಂದ್ಸಲ ಆ ಕಡೆ ಹೋಗಿ ನೋಡ್ಕೊಂಡು ಬರ್ತೀನಿ. ಸರಿಯಿದ್ರೆ ಎಲ್ರೂ ಹಲಗೆ ಮೇಲೇ. ಅಲ್ಲೀವರ್ಗೂ ಯಾರೂ ಇಲ್ಲಿಂದ ಅಲ್ಲಾಡ್ಬಾರ್ದು. ನೀವೂ ಅಷ್ಟೇ ಅತ್ತೆ." ಅದನ್ನೇ ಅವರಿಗೆ ಡಚ್ಚಿನಲ್ಲಿ ಹೇಳಿದಳು. ಬೆಂಚು ಬೇಕಾಗಲಿಲ್ಲ. ಹಿಂದಿದ್ದವರೂ ಈ ಸಲ "ಜೋರಾಗಿ" ಅನ್ನಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಮೈಯೆಲ್ಲ ಉರಿಯಿತು. ಅಷ್ಟು ಜನರ ಎದುರು! ನನಗೆ! ಅವಳು ಕೋಲಿನಿಂದ ತಡವುತ್ತಾ ಹೋಗುತ್ತಿದ್ದಳು. ಪ್ರತಿ ಹಲಗೆಯ ಮೇಲೂ ನಿಂತು, ಕುಣಿದ ಹಾಗೆ ಮೈಭಾರ ಹಾಕಿ, ಮುಂದಿನದಕ್ಕೆ. ಸಣ್ಣ ದೇಹ, ದೊಡ್ಡ ಬಯಲು, ಸುತ್ತ ನೀರು. ಎಲ್ಲಾದರೂ ಜಾರಿದರೆ ಅಂತ ನನ್ನ ಜೀವ ಬಾಯಿಗೆ ಬಂತು. ಆಚೆ ತಲುಪಿ ತಿರುಗಿ ಕೈ ಎತ್ತಿದಳು. ಆ ಹೊತ್ತಿಗೆ ಉರಿ ಎಲ್ಲಿ ಹೋಯಿತೋ! ಎದೆ ತುಂಬಿ ಬಂತು. ಇವಳು ನನ್ನ ಸೊಸೆ ಅಂತ ಆ ಬಾತುಕೋಳಿಗಳಿಗೂ ಕೂಗಿ ಹೇಳಬೇಕು ಅನ್ನಿಸಿತು.

ಹೆಂಕಣ್ಣ ಬಗ್ಗಿ ಕೇಳಿದರು, "ನಿಮಗೆ ಏನಂದಳು?"

"ಇಲ್ಲ ಅಂದಳು. ನನಗೆ!"

"ಓ! ಮೊದಲ ಸಲವಾ?"

"ಮೊದಲ ಸಲ."

"ಹೇಗಿತ್ತು?" ಅಂದರು ಹೆಂಕಣ್ಣ, ಎಳ್ಳುಂಡೆಯ ರುಚಿ ಕೇಳಿದ ಹಾಗೆ. ನಾನು ನಕ್ಕುಬಿಟ್ಟೆ.

ಅವಳು ವಾಪಸು ಬಂದು ಸಾಲು ಕಟ್ಟಿದಳು. ನನ್ನನ್ನು ತನ್ನ ಹಿಂದೆಯೇ ನಿಲ್ಲಿಸಿ, "ಹೆಂಕ್, ನೀವು ಕೊನೆಯಲ್ಲಿ. ಯಾರೂ ಹಿಂದೆ ಉಳಿಯಬಾರದು" ಅಂದಳು. ಅವರು ಹೋಗಿ ಕೊನೆಯಲ್ಲಿ ನಿಂತರು. ಕಣಕಾಲಿನಷ್ಟು ನೀರು, ಕೆಳಗೆ ಗಟ್ಟಿ ಹಲಗೆ. ಅವಳ ಚೀಲದ ಪಟ್ಟಿ ಹಿಡಿದುಕೊಂಡು, ಅವಳು ಇಟ್ಟಲ್ಲೇ ಕಾಲಿಟ್ಟು ಬಂದೆ. ಆಚೆ ದಡದಲ್ಲಿ ಅವಳು ಒಬ್ಬೊಬ್ಬರ ಕೈ ಹಿಡಿದು ಮೇಲಕ್ಕೆಳೆಯುತ್ತಾ "ಒಂದು, ಎರಡು, ಮೂರು" ಅಂತ ಕನ್ನಡದಲ್ಲೇ ಎಣಿಸುತ್ತಿದ್ದಳು. ಗಡ್ಡದವರು, ಕನ್ನಡಕದವರು, ಮರೈಕೆ, ಎಲ್ಲರೂ ನಮ್ಮ ಅಂಕಿಗಳಾಗಿ ದಡ ಹತ್ತಿದರು. ಕೊನೆಗೆ ಹೆಂಕಣ್ಣ.

ಹಿಲ್ವರೆನ್‌ಬೇಕ್

ಇಗರ್ಜಿಯ ಎದುರಿನ ಹೋಟೆಲಿನ ಬಾಗಿಲಲ್ಲಿ ಒಂದು ಬುಟ್ಟಿ, ಅದರಲ್ಲಿ ನೀಲಿ ಪ್ಲಾಸ್ಟಿಕ್ ಚೀಲಗಳು. ಬೂಟಿನ ಮೇಲೆ ಅದನ್ನು ಕಟ್ಟಿಕೊಂಡೇ ಒಳಗೆ ಹೋಗಬೇಕು. ಚಪ್ಪಲಿ ಹೊರಗೆ ಬಿಡಿ ಅಂದರೆ ಮುಗಿಯುತ್ತಿರಲಿಲ್ಲವಾ? ಕಿಟಕಿಯ ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ನಾವು ಬಿಸಿ ಟೊಮೆಟೊ ಸೂಪಿನ ಎದುರು ಕೂತಿದ್ದೆವು.

ಚೈತ್ರಾ ಸೂಪು ಮುಟ್ಟಿರಲಿಲ್ಲ. ಹೆಂಕಣ್ಣನಿಂದ ಎಲ್ಲ ಕೇಳಿ ತಿಳಿದಿದ್ದ ಮರೈಕೆ ಚಮಚ ಕೆಳಗಿಟ್ಟು ಹೇಳಿದಳು, "ಗೊತ್ತಿದ್ದೂ ಸುಮ್ಮನಿದ್ದದ್ದು ದೊಡ್ಡ ತಪ್ಪು. ಆಮೇಲಿನದ್ದು ಚೆನ್ನಾಗಿತ್ತು. ಅತ್ತೆಗೇ ಇಲ್ಲ ಅಂದವಳು ಇನ್ನು ಯಾರಿಗಾದರೂ ಅಂದಾಳು. ಏಪ್ರಿಲ್‌ನ ನಡಿಗೆ ನೀನು ನಡೆಸುತ್ತೀಯಾ?"

"ಹ್ಞೂಂ" ಅಂದಳು ಚೈತ್ರಾ. ಮರೈಕೆ ಮತ್ತೆ ಚಮಚ ಎತ್ತಿಕೊಂಡಳು. ಪಾಸು! ಅಷ್ಟೇ, ಮುಗಿಯಿತು!

ಎಂಥದ್ದು ಮಾರಾಯ್ರೆ ಇದು? ನಮ್ಮಲ್ಲಾದರೆ ವೇದಿಕೆ ಇರುತ್ತಿತ್ತು, ಮೈಕು ಇರುತ್ತಿತ್ತು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಜನರ ಭಾಷಣ. ನನಗೆ ತಡೆಯಲಾಗಲಿಲ್ಲ. ಎದ್ದೆ. ನನ್ನ ಹೆಗಲ ಮೇಲೆ ಒಂದು ಮರೂನ್ ಶಾಲು ಇತ್ತು. ನಾನು ರಿಟೈರ್ ಆದ ದಿನ ಶಾಲೆಯಲ್ಲಿ ಹೊದಿಸಿದ ಶಾಲು, ಯಾರಿಗೂ ಮುಟ್ಟಲು ಬಿಡದೆ ಇಟ್ಟುಕೊಂಡದ್ದು. ತುದಿಗೆ ಕೆಸರು ಹತ್ತಿತ್ತು. ಅದನ್ನು ತೆಗೆದು ಕೊಡವಿ, ಎಲ್ಲರೂ ನೋಡುತ್ತಿದ್ದ ಹಾಗೆ ಚೈತ್ರಾಳ ಹೆಗಲಿಗೆ ಹೊದಿಸಿದೆ. "ನಮ್ಮ ಊರಿನಲ್ಲಿ ದೊಡ್ಡ ಕೆಲಸ ಮಾಡಿದವರಿಗೆ ಹೀಗೆ ಮಾಡುತ್ತೇವೆ" ಅಂತ ಆ ಜನಕ್ಕೆ ಹೇಳಿದೆ. "ಇವಳು ನನ್ನ ಸೊಸೆ."

ಮೊದಲು ಎದ್ದು ನಿಂತವರು ಹೆಂಕಣ್ಣ. ಆಮೇಲೆ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಪಕ್ಕದ ಮೇಜಿನಲ್ಲಿ ಬಿಯರ್ ಕುಡಿಯುತ್ತಿದ್ದವರೂ ಯಾಕೆಂದು ತಿಳಿಯದೆ ಹೊಡೆದರು. ಚೈತ್ರಾ ಅಳುತ್ತಾ ನಗುತ್ತಾ ನನ್ನ ಕಾಲಿಗೆ ಬಗ್ಗಿದಳು.

"ಬೇಡ ಮಗಾ, ಕಾಲೆಲ್ಲ ಕೆಸರು, ಪ್ಲಾಸ್ಟಿಕ್ ಬೇರೆ" ಅಂತ ಹಿಂದೆ ಸರಿದೆ.

"ಇಲ್ಲ ಅತ್ತೆ, ಮಾಡೇ ಮಾಡ್ತೀನಿ" ಅಂದಳು. ಒಂದೇ ದಿನದಲ್ಲಿ ಎರಡನೆಯ ಸಲ. ಆ ನೀಲಿ ಚೀಲಗಳನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಊರಿಗೆ ಬಂದ ಮರುದಿನ ಬೇಲಿಯ ಆಚೆಯಿಂದ ಜಲಜಕ್ಕ ಕೇಳಿದರು, "ಸೊಸೆ ಹೇಗಿದ್ದಾಳೆ? ಈಗಲೂ ಎದುರು ಮಾತಾಡುದೇ ಇಲ್ವಾ?"

"ಮಾತಾಡ್ತಾಳೆ ಜಲಜಕ್ಕ. ಅಷ್ಟು ಜನರ ಎದುರಿನಲ್ಲಿ ನನಗೇ ಇಲ್ಲ ಅಂದಳು."

ಜಲಜಕ್ಕನ ಕಣ್ಣು ಅರಳಿತು. ಕಡೆಗೂ ಈ ಟೀಚರ ಮನೆಯಲ್ಲೂ ಶುರುವಾಯಿತು ಅಂದುಕೊಂಡರೋ ಏನೋ, ಬೇಲಿ ಸುತ್ತಿಕೊಂಡು ಬಂದು ನನ್ನ ಜಗಲಿಯಲ್ಲೇ ಕೂತರು. "ಅಯ್ಯೋ! ನೀವೆಂತ ಮಾಡಿದ್ರಿ ಮತ್ತೆ?"

"ಎಂತ ಮಾಡುದು? ಅವಳ ಹಿಂದೆ ನಡೆದೆ" ಅಂದೆ. ಆಮೇಲೆ ಕಾಫಿಗಿಟ್ಟು, ಮೊದಲಿನಿಂದ ಹೇಳಲು ಶುರು ಮಾಡಿದೆ.